ಬೆಟ್ಟ ಹತ್ತಿದರೆ ಮನಸ್ಸಿನ ಹಳೆಯ ಗಾಯ ವಾಸಿಯಾಗುತ್ತಾ?

ಪೂರ್ತಿ ವಾಸಿಯಾಗುತ್ತದೆ ಅಂತ ಹೇಳಲಾರೆ, ಸಹಾಯವಂತೂ ಆಗಬಹುದು. ದೊಡ್ಡ ಆಘಾತವಾದ ಮೇಲೆ ಕೆಲವರ ಮೈ ಸದಾ ಬೆದರಿಕೊಂಡೇ ಇರುತ್ತದೆ. ಬಾಗಿಲು ಬಡಿದ ಸದ್ದಿಗೂ ಎದೆ ಡವಡವ. ಕಡಿದಾದ ಏರಿನಲ್ಲೂ ಎದೆ ಹಾಗೇ ಬಡಿದುಕೊಳ್ಳುತ್ತದೆ, ಆದರೆ ಅಲ್ಲಿ ಕಾರಣ ಗೊತ್ತಿರುತ್ತದೆ ಅಲ್ವಾ? ಬಂಡೆಗೆ ಒರಗಿ ಎರಡು ನಿಮಿಷ ಸುಮ್ನೆ ನಿಂತರೆ ಉಸಿರು ಹದಕ್ಕೆ ಬರುತ್ತದೆ. ಎದೆ ಬಡಿದುಕೊಂಡಾಗೆಲ್ಲ ಅಪಾಯವೇನೂ ಇರೋದಿಲ್ಲ ಅಂತ ಮೈ ನಿಧಾನಕ್ಕೆ ಕಲಿಯುತ್ತದೆ. ಮುಂದಿನ ಹೆಜ್ಜೆ ಯಾವ ಕಲ್ಲಿನ ಮೇಲೆ ಅಂತ ನೋಡುವಾಗ ಹಳೆಯದನ್ನು ಮೆಲುಕು ಹಾಕಲು ಪುರುಸೊತ್ತೂ ಇರುವುದಿಲ್ಲ.

2011ರಲ್ಲಿ ರೈಲಿನಿಂದ ಬಿದ್ದು ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರಲ್ಲಿ ಎವರೆಸ್ಟ್ ಏರಿದರು. ನಿಮಗೆ ಅಷ್ಟೆಲ್ಲ ಬೇಡ, ಸಣ್ಣ ಗುಡ್ಡ ಸಾಕು. ಒಬ್ಬರೇ ಮಾತ್ರ ಹೋಗಬೇಡಿ. ಕೆಟ್ಟ ಕನಸು, ದಿಗಿಲು ವಾರಗಟ್ಟಲೆ ಬಿಡದಿದ್ದರೆ ಮೊದಲು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ.