ಬೈಪಾಡಿಗೆ ಲಿವರ್ ಮೌಂಟ್ ಆಗ್ತದಾ?

ಪ್ರಶ್ನೆ: ಏರ್ ರೈಫಲಿನ ಬೈಪಾಡ್ (ಎರಡು ಕಾಲಿನ ಆಸರೆ) ಪ್ರತಿಸಲ ಸ್ಕ್ರೂ ತಿರುಗಿಸಿ ಬಿಚ್ಚಿ ಸಾಕಾಯ್ತು. ಲಿವರ್ ಎಳೆದ್ರೆ ಕಳಚುವ ಮೌಂಟ್ ಗಟ್ಟಿ ನಿಲ್ತದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಲ್ತದೆ, ಆದ್ರೆ ಮೊದ್ಲು ರೈಫಲಿನ ಅಡಿಯಲ್ಲಿ ಎಂತ ಉಂಟು ನೋಡಿ. ಮೌಂಟ್ ಕೂರುವ ಲೋಹದ ಪಟ್ಟಿಗೆ ರೈಲ್ ಅಂತಾರೆ, ಪಿಕಾಟಿನಿ, ವೀವರ್ ಅಂದ್ರೆ ಅದರ ಬಗೆಗಳು. ಪಿಕಾಟಿನಿ ರೈಲಿನ ಅಡ್ಡ ತೋಡು 5.23 ಮಿ.ಮೀ. ಅಗಲ, ವೀವರ್‌ದು 4.57 ಅಷ್ಟೇ, ಹಾಗಾಗಿ ಪಿಕಾಟಿನಿಯ ಮೌಂಟ್ ವೀವರಿಗೆ ಹೆಚ್ಚಾಗಿ ಕೂರೋದಿಲ್ಲ. ಬರೀ ಬೆಲ್ಟ್ ಸಿಕ್ಕಿಸುವ ಸ್ಟಡ್ ಇದ್ರೆ ಸಣ್ಣ ರೈಲ್ ಅಡಾಪ್ಟರ್ ಬೇಕು.

ಬಿಗಿ ಹೊಂದಿಸ್ಲಿಕ್ಕೆ ನಟ್ ಇರುವಂಥದ್ದೇ ತಗೊಳ್ಳಿ. ಲಿವರ್ ಮುಚ್ಚುವಾಗ ಹೆಬ್ಬೆರಳಿಗೆ ಚೆನ್ನಾಗಿ ಒತ್ತು ಸಿಗ್ಬೇಕು, ಸುಮ್ನೆ ಮುಚ್ಚಿಕೊಂಡ್ರೆ ಸಡಿಲ ಅಂತ ಅರ್ಥ, ನಟ್ ಒಂಚೂರು ತಿರುಗಿಸಿ ಮತ್ತೆ ನೋಡಿ. ಪೆಲೆಟ್ ತೆಗೆದೇ ಈ ಕೆಲಸ ಮಾಡಿ, ದಯವಿಟ್ಟು.

ಇನ್ನೊಂದು, ನಿಮ್ದು ಸ್ಪ್ರಿಂಗ್ ರೈಫಲಾದ್ರೆ ಅದು ಹಿಂದೆ ಮುಂದೆ ಎರಡೂ ಕಡೆ ಒದೀತದೆ, ಬೈಪಾಡ್ ಮೇಲಿಟ್ಟಾಗ ಗುರಿ ಬೇರೆ ಕಡೆ ಬೀಳಬಹುದು, ಅದಕ್ಕೆ ಮೌಂಟನ್ನು ಬೈಬೇಡಿ. ನಮ್ಮ ಮಳೆಗಾಲಕ್ಕೆ ಸ್ಕ್ರೂಗೆ ಒಂದು ತೊಟ್ಟು ಎಣ್ಣೆ ಹಾಕಿಡಿ.