ತುರಿಕೆ ಇಲ್ಲದವರೂ ಕಜ್ಜಿಗೆ ಮುಲಾಮು ಹಚ್ಚಬೇಕಾ?

ಮುಲಾಮು ಹಚ್ಚಿದರೂ ಮಗನ ಕಜ್ಜಿ ಮತ್ತೆ ಬಂತು, ತುರಿಕೆ ಇಲ್ಲದ ನಾವೂ ಹಚ್ಚಬೇಕಾ ಅಂತ ಕೇಳಿದ್ದೀರಿ. ಖಂಡಿತ ಹಚ್ಚಬೇಕು. ಮೊದಲ ಸಲ ಕಜ್ಜಿಹುಳು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕಾಗಬಹುದು. ಅಷ್ಟರಲ್ಲೇ ಅದು ಇನ್ನೊಬ್ಬರಿಗೆ ದಾಟಿಬಿಡುತ್ತದೆ. ನಮ್ಮ ಮನೆಯಲ್ಲಿ ಅಜ್ಜಿಯೊಬ್ಬರನ್ನು ಬಿಟ್ಟು ಹಚ್ಚಿದ್ದೆವು, ಪಾಪ, ಮಕ್ಕಳು ಎರಡನೇ ಸುತ್ತು ಒದ್ದಾಡಿದರು.

ಎಲ್ಲರೂ ಒಂದೇ ರಾತ್ರಿ 5% ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ. ಎಷ್ಟೋ ಜನ ತುರಿಸುವ ಕಡೆ ಮಾತ್ರ ಹಚ್ಚುತ್ತಾರೆ, ಅಲ್ಲೇ ತಪ್ಪುವುದು. ಬೆರಳ ಸಂದಿ, ಉಗುರಿನಡಿ, ಹೊಕ್ಕುಳ ಬಿಡಬೇಡಿ. 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಿ. ವಾರದ ನಂತರ ಇನ್ನೊಮ್ಮೆ. ಅದೇ ದಿನ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಕೈಕೂಸು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಆಮೇಲೂ 2ರಿಂದ 4 ವಾರ ತುರಿಕೆ ಇರಬಹುದು, ಹೆದರಿ ಸುಮ್ನೆ ದಿನಾ ಹಚ್ಚಬೇಡಿ.