ಅಕ್ಷರಶಿಲ್ಪಕ್ಕೆ ಬೆನ್ನೂ ಇರುತ್ತದೆ

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಕೆಲವೇ ದಿನ ನಿಲ್ಲುವ, ಅಲ್ಲಿನ ಅಮ್ಹಾರಿಕ್ ಭಾಷೆಯ ಅಕ್ಷರಗಳನ್ನು ಮಿನಿಮಲಿಸ್ಟ್ ರೀತಿಯಲ್ಲಿ, ಅಂದರೆ ಅಲಂಕಾರವಿಲ್ಲದೆ, ಬರೀ ಗೆರೆಗಳಿಗೆ ಇಳಿಸಿದ ಶಿಲ್ಪಗಳ ಫೋಟೋ ತೆಗೆಯಲು ಅಗಲ ನೋಟದ ವೈಡ್ ಲೆನ್ಸ್ ಸರಿಯೇ, ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಸರಿಯೇ, ಜನರಿಲ್ಲದ ಶುದ್ಧ ಆಕಾರ ಸಿಗಬೇಕಾದರೆ ಯಾವ ಹೊತ್ತಿಗೆ ಹೋಗಬೇಕು ಎಂದು ಕೇಳಿದ್ದೀರಿ. ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನ ತಲೆಯಲ್ಲಿದ್ದದ್ದೂ ಇವೇ ಎರಡು ಪ್ರಶ್ನೆಗಳು, ಲೆನ್ಸ್ ಮತ್ತು ಬೆಳಕು.

ಪರಿಚಯದ ಯುವ ಶಿಲ್ಪಿಯೊಬ್ಬರು ಎಂಟೋಟೊ ಬೆಟ್ಟದ ಇಳಿಜಾರಿನಲ್ಲಿ ಸುಣ್ಣ ಬಳಿದ ಮೂರು ನೀಲಗಿರಿ ಕಂಬಗಳಿಂದ ಒಂದು ಅಕ್ಷರ ನಿಲ್ಲಿಸಿದ್ದರು. ಎರಡನೆಯ ಮೆನೆಲಿಕ್ ಚಕ್ರವರ್ತಿಯ ಕಾಲದಲ್ಲಿ ಆಸ್ಟ್ರೇಲಿಯಾದಿಂದ ಬಂದ ಈ ಮರ ಇಂದು ಆ ಊರಿನ ಸೌದೆಯೂ ಹೌದು, ಕಟ್ಟಡಗಳ ಸಾರುವೆಯೂ ಹೌದು. ಕಂಬಗಳನ್ನು ಗುತ್ತಿಗೆದಾರರೊಬ್ಬರಿಂದ ಎರವಲು ತಂದದ್ದರಿಂದ ವಾರಾಂತ್ಯ ಕಳೆದ ಕೂಡಲೇ ಹಿಂದಿರುಗಿಸಬೇಕಿತ್ತು. ಬಲಗಾಲು ನೆಲದಲ್ಲಿ ಹೂತಿತ್ತು, ಮೇಲೆ ಅಡ್ಡಕಂಬವಿತ್ತು, ಎಡಗಾಲು ಮಾತ್ರ ನೆಲ ಮುಟ್ಟದೆ ಮೊಣಕಾಲೆತ್ತರದಲ್ಲೇ ನಿಂತುಬಿಟ್ಟಿತ್ತು.

ನಾನು ಎಡವಿದ್ದು ಎಲ್ಲಿ ಎಂಬುದು ತಿಳಿಯಬೇಕಾದರೆ ಆ ಲಿಪಿಯ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಹಾರಿಕ್ ಬರೆಯುವ ಫಿದೆಲ್ ಲಿಪಿಯಲ್ಲಿಯೂ ನಮ್ಮಲ್ಲಿರುವಂತೆ ಕಾಗುಣಿತವಿದೆ, ಒಂದೊಂದು ವ್ಯಂಜನಕ್ಕೂ 7 ರೂಪಗಳಿವೆ. ನಮ್ಮಲ್ಲಿ ಇಳಿ, ಕೊಂಬುಗಳು ಮಾಡುವ ಕೆಲಸವನ್ನು ಅಲ್ಲಿ ಕೆಲವೊಮ್ಮೆ ಅಕ್ಷರದ ಕಾಲಿನ ಉದ್ದವೇ ಮಾಡುತ್ತದೆ. ಬಕಾರದ ಮೂಲರೂಪ ಸಮವಾದ ಎರಡು ಕಾಲುಗಳ ಬಾಗಿಲಿನಂತಿರುತ್ತದೆ; ಎಡಗಾಲು ಗಿಡ್ಡವಾದರೆ ಅದು ‘ಬಾ’, ಬಲಗಾಲು ಗಿಡ್ಡವಾದರೆ ‘ಬೋ’. ಶಿಲ್ಪದ ಮುಖ ಪೂರ್ವಕ್ಕಿತ್ತು. ಬೆಳಿಗ್ಗೆ ನನಗೆ ತರಗತಿಗಳಿದ್ದವು. ಸಂಜೆ ಹೋದಾಗ ಹೊಂಬಣ್ಣದ ಬೆಳಕು ಅದರ ಬೆನ್ನಿನ ಮೇಲೆ ಬಿದ್ದಿತ್ತು. ಮಳೆಗಾಲ ಮುಗಿದು ತಿಳಿಯಾದ ಆಕಾಶ, ಸುಮಾರು 3,000 ಮೀಟರ್ ಎತ್ತರದ ಆ ಚುರುಕಾದ ಬೆಳಕು, ಹಳದಿ ಹೂಗಳ ನಡುವೆ ಬಿಳಿ ಗೆರೆಗಳು. ನಾನು ಹಿಂದೆ ನಿಂತೇ ಎಲ್ಲ ಚಿತ್ರಗಳನ್ನೂ ತೆಗೆದೆ. ಹಿಂದಿನಿಂದ ನೋಡಿದರೆ ‘ಬಾ’ ಎಂಬುದು ‘ಬೋ’ ಆಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಓದಲು ಬಾರದವನಾಗಿದ್ದರೆ ಕ್ಷಮೆಯಾದರೂ ಇರುತ್ತಿತ್ತು. ನಾನು ಅಂಗಡಿಗಳ ಫಲಕಗಳನ್ನು ಕೂಡಿಸಿಕೊಂಡು ಓದುವಷ್ಟು ಕಲಿತಿದ್ದೆ.

ಚಿತ್ರ ನೋಡಿದ ಶಿಲ್ಪಿ ನಕ್ಕರು, ಆಮೇಲೆ ಸುಮ್ಮನಾದರು. ಅಷ್ಟರಲ್ಲಿ ಕಂಬಗಳು ಯಾವುದೋ ಕಟ್ಟಡದ ಸಾರುವೆಗೆ ಹೋಗಿದ್ದವು. ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ಮಗುಚಿ ಕೊಡುತ್ತೇನೆ ಎಂದೆ. ಅಕ್ಷರವೇನೋ ಸರಿಯಾಗುತ್ತಿತ್ತು, ಆದರೆ ಹಿನ್ನೆಲೆಯಲ್ಲಿದ್ದ ಇಡೀ ಅಡಿಸ್ ಅಬಾಬಾ ತಿರುವುಮುರುವಾಗುತ್ತಿತ್ತು. ಅವರು ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ.

ಆದ್ದರಿಂದ ‘ಶುದ್ಧ ಆಕಾರ’ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದ ಮಿನಿಮಲಿಸ್ಟ್ ಶಿಲ್ಪಿ ರಾಬರ್ಟ್ ಮಾರಿಸ್ 1965ರಲ್ಲಿ ಒಂದೇ ಅಳತೆಯ ಎಲ್ ಆಕಾರದ ತೊಲೆಗಳನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ತೋರಿಸಿದರು. ಹೇಗಿಟ್ಟರೂ ಆಕಾರ ಒಂದೇ ಎಂಬುದು ಅಲ್ಲಿ ನಡೆಯುತ್ತದೆ. ಅಕ್ಷರದಲ್ಲಿ ಅದು ನಡೆಯದು. ಮಿನಿಮಲಿಸಂ ನಿಮ್ಮನ್ನು ಶಿಲ್ಪದ ಸುತ್ತ ಸುತ್ತಿಸುತ್ತದೆ, ಲಿಪಿ ಒಂದೇ ಕಡೆ ನಿಲ್ಲಿಸುತ್ತದೆ, ಮತ್ತು ಇಂಥ ಕೃತಿಗಳ ಸ್ವಾರಸ್ಯವೆಲ್ಲ ಈ ಜಗಳದಲ್ಲಿಯೇ ಇದೆ. ದಶಕಗಳಿಂದ ಫಿದೆಲ್ ಅಕ್ಷರಗಳನ್ನೇ ಚಿತ್ರಿಸುತ್ತ ಬಂದ ಇಥಿಯೋಪಿಯಾ ಮೂಲದ ಚಿತ್ರಕಾರ ವೊಸೆನೆ ವೊರ್ಕೆ ಕೊಸ್ರೊಫ್ ಅವರು ಅವುಗಳನ್ನು ಹಿಗ್ಗಿಸಿ, ಮುರಿದು, ಓದಲಾಗದಂತೆ ಮಾಡುವುದುಂಟು, ಆದರೆ ಹಾಗೆ ಮುರಿಯುವುದು ಕಲಾವಿದರ ಹಕ್ಕು, ಫೋಟೋ ತೆಗೆಯುವವರದ್ದಲ್ಲ.

ಮೊದಲು ಶಿಲ್ಪಿಯ ಬಳಿ ಯಾವ ಕಡೆಯಿಂದ ಓದಬೇಕೆಂದು ಕೇಳಿ, ಬೆಳಕು ಎಷ್ಟೇ ಸಪ್ಪೆಯಾಗಿದ್ದರೂ ಅಲ್ಲಿಂದ ಒಂದು ನೇರ ಚಿತ್ರ ತೆಗೆಯಿರಿ. ಜನ ಬಂದರೆ ಬರಲಿ. ಆ ಕಂಬ ಆಳೆತ್ತರವೋ ಮರದೆತ್ತರವೋ ಎಂಬುದು ಅವರಿಂದಲೇ ತಿಳಿಯುತ್ತದೆ. ವೈಡ್ ಲೆನ್ಸ್ ಹಿಡಿದು ಹತ್ತಿರ ಹೋದರೆ ಹತ್ತಿರದ ಕಾಲು ಉದ್ದವಾಗಿ ಕಾಣುತ್ತದೆ, ಕಾಲಿನ ಉದ್ದವೇ ಸ್ವರವಾಗಿರುವಲ್ಲಿ ಅದು ಬೇಡ. 50 ಎಂಎಂ ಲೆನ್ಸ್ ಹಾಕಿ, ದೂರ ಸರಿದು, ಕ್ಯಾಮೆರಾವನ್ನು ಶಿಲ್ಪದ ನಡುಮಟ್ಟದಲ್ಲಿ ಓರೆಯಾಗದಂತೆ ಹಿಡಿಯಿರಿ. ಬೆನ್ನಿನ ಕಡೆಯ ಸಂಜೆ ಬೆಳಕಿಗೆ ಮನಸೋತರೆ ಅದನ್ನೂ ತೆಗೆಯಿರಿ, ಆದರೆ ಫೈಲಿನ ಹೆಸರಿನಲ್ಲೇ ‘ಹಿಂಬದಿ’ ಎಂದು ಬರೆದಿಡಿ.